ಬಣ್ಣ, ಬ್ಲೀಚ್ ಮತ್ತು ನಿಮ್ಮ ಕೂದಲು

(ಹೊರರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ಚರ್ಮರೋಗ ವಿಭಾಗದ ವೈದ್ಯರು ಮಾಡಿದ ಉಪನ್ಯಾಸ)



ಇಂದಿನ ವಿಷಯ ಕೂದಲು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇಂಥವುಗಳ ನಡುವೆ ಕೂದಲಿನ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಮದುವೆ, ಜಾತ್ರೆ, ಹಬ್ಬದ ದಿನಗಳು ಕಳೆದವೆಂದರೆ ಚರ್ಮರೋಗ ವಿಭಾಗಕ್ಕೆ ಎರಡು ಬಗೆಯವರು ಹೆಚ್ಚಾಗಿ ಬರುತ್ತಾರೆ. ಬ್ಲೀಚ್ ಮಾಡಿಸಿ ಕೆಂಪು, ಕಂದು, ಚಿನ್ನದ ಬಣ್ಣ ಹಾಕಿಸಿಕೊಂಡು, “ಡಾಕ್ಟ್ರೇ, ಕೂದಲು ಒಣ ಹುಲ್ಲಿನಂತಾಗಿದೆ, ಬಾಚಿದರೆ ಮುರಿದು ಬರುತ್ತದೆ” ಎನ್ನುವ ಹುಡುಗ ಹುಡುಗಿಯರು ಒಂದು ಬಗೆ. ನರೆಗೂದಲಿಗೆ ಕಪ್ಪು ಬಣ್ಣ ಹಚ್ಚಿ, ಎರಡೇ ದಿನದಲ್ಲಿ ಮುಖ, ಕಣ್ಣಿನ ರೆಪ್ಪೆ ಊದಿಸಿಕೊಂಡು ಬರುವ ನಡುವಯಸ್ಸಿನವರು ಇನ್ನೊಂದು ಬಗೆ. ಈ ಇಬ್ಬರಿಗೂ ತಿಳಿದಿರಬೇಕಾದ ವಿಷಯವನ್ನು ಇಂದು ಹೇಳುತ್ತೇನೆ.

ಕೂದಲು ಎಂದರೇನು?

ಕೂದಲಿನಲ್ಲಿ ಜೀವ ಇರುವುದು ಬೇರಿನಲ್ಲಿ ಮಾತ್ರ. ಆ ಬೇರು ತಲೆಯ ಚರ್ಮದ ಒಳಗಿದೆ. ಹೊರಗೆ ಕಾಣುವ ಕೂದಲು ಉಗುರಿನ ಹಾಗೆ ಜೀವವಿಲ್ಲದ್ದು. ಎರಡೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಅದಕ್ಕೇ ಕತ್ತರಿಸಿದರೆ ನೋವಾಗುವುದಿಲ್ಲ, ರಕ್ತ ಬರುವುದಿಲ್ಲ. ಚರ್ಮಕ್ಕೆ ಗಾಯವಾದರೆ ಕೂಡಿಕೊಳ್ಳುತ್ತದೆ, ಮೂಳೆ ಮುರಿದರೂ ಕೂಡಿಕೊಳ್ಳುತ್ತದೆ. ಕೂದಲಿಗೆ ಆ ಶಕ್ತಿ ಇಲ್ಲ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕೂದಲಿನ ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮನೆಯ ಮೇಲೆ ಹಂಚು ಹೊದಿಸಿದಂತೆ ಹೊರಗಡೆ ತೆಳುವಾದ ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜಿಡ್ಡಿನ ಲೇಪನವಿದೆ. ಕೂದಲು ನುಣುಪಾಗಿ ಹೊಳೆಯುವುದು ಈ ಎರಡರಿಂದ. ಹಂಚಿನ ಕೆಳಗೆ ಕೆರಾಟಿನ್ ಎಳೆಗಳು ಗಟ್ಟಿಯಾಗಿ ಹೆಣೆದುಕೊಂಡಿವೆ. ಕೂದಲಿನ ಬಲವೆಲ್ಲ ಅಲ್ಲಿದೆ. ನಮ್ಮ ಕೂದಲಿಗೆ ಕಪ್ಪು ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವೂ ಅಲ್ಲೇ ಇದೆ.

ಬ್ಲೀಚ್ ಮಾಡಿದಾಗ ಏನಾಗುತ್ತದೆ?

ಕಪ್ಪು ಕೂದಲಿನ ಮೇಲೆ ತಿಳಿ ಬಣ್ಣ ಕಾಣುವುದಿಲ್ಲ. ಕಪ್ಪು ಹಲಗೆಯ ಮೇಲೆ ಹಳದಿ ನೀರು ಬಳಿದಂತೆ ಆಗುತ್ತದೆ. ಆದ್ದರಿಂದ ಮೊದಲು ಕಪ್ಪನ್ನು ತೆಗೆಯಬೇಕು. ಅಮೋನಿಯಾದಂಥ ಕ್ಷಾರದಿಂದ ಹೊರಗಿನ ಹಂಚುಗಳು ಏಳುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಒಳಗೆ ಹೋಗಿ ಮೆಲನಿನ್ನನ್ನು ಒಡೆಯುತ್ತದೆ. ಹಾಗೆ ಒಡೆಯುವಾಗ ಅದು ಬಣ್ಣವನ್ನಷ್ಟೇ ಆರಿಸಿ ತೆಗೆಯುವುದಿಲ್ಲ. ಕೆರಾಟಿನ್ ಎಳೆಗಳನ್ನು ಬಿಗಿದಿಟ್ಟಿರುವ ಗಂಧಕದ ಬಂಧಗಳನ್ನೂ ಮುರಿಯುತ್ತದೆ, ಮೇಲಿನ ಜಿಡ್ಡಿನ ಲೇಪನವನ್ನೂ ಕಳೆಯುತ್ತದೆ. ನಮ್ಮವರ ಗಾಢ ಕಪ್ಪು ಕೂದಲನ್ನು ಹಳದಿಯವರೆಗೆ ತರಬೇಕಾದರೆ ಬ್ಲೀಚನ್ನು ಹೆಚ್ಚು ಹೊತ್ತು ಇಡಬೇಕು, ಕೆಲವೊಮ್ಮೆ ಎರಡು ಮೂರು ಸಲ ಮಾಡಬೇಕು. ಹಾನಿಯೂ ಅಷ್ಟೇ ಹೆಚ್ಚಾಗುತ್ತದೆ. ಆ ಮೇಲೆ ಕೂದಲು ಸ್ಪಂಜಿನಂತೆ ನೀರು ಹೀರುತ್ತದೆ, ಒದ್ದೆಯಾದಾಗ ಹಿಗ್ಗಿ ಮುರಿಯುತ್ತದೆ, ಒಣಗಿದಾಗ ಒರಟಾಗಿ ಸಿಕ್ಕುಗಟ್ಟುತ್ತದೆ.

ಹಾಗಾದರೆ ಸರಿಪಡಿಸಬಹುದೇ?

ನೇರವಾಗಿ ಹೇಳುತ್ತೇನೆ. ಹಾಳಾದ ಎಳೆಯನ್ನು ಮೊದಲಿನಂತೆ ಮಾಡುವ ಔಷಧಿ ಯಾವುದೂ ಇಲ್ಲ. ಸಾವಿರಾರು ರೂಪಾಯಿಯ ಡಬ್ಬಿಯಲ್ಲೂ ಇಲ್ಲ, ಮಾತ್ರೆಯಲ್ಲೂ ಇಲ್ಲ. ಒಳ್ಳೆಯ ಕಂಡೀಷನರ್ ಎದ್ದ ಹಂಚುಗಳನ್ನು ಕೂರಿಸಿ ನುಣುಪು ತರುತ್ತದೆ, ಸಿಕ್ಕು ಕಡಿಮೆ ಮಾಡುತ್ತದೆ. ಅದು ಉಪಯೋಗವೇ ಹೌದು, ಆದರೆ ತೊಳೆದಂತೆ ಹೋಗುತ್ತದೆ, ಮತ್ತೆ ಹಚ್ಚಬೇಕು.

ಇದರಿಂದ ಎದೆಗುಂದಬೇಡಿ. ಬೇರಿಗೆ ಪೆಟ್ಟಾಗದಿದ್ದರೆ ಹೊಸ ಕೂದಲು ನಿಮ್ಮ ಸಹಜ ಬಣ್ಣದಲ್ಲಿ, ಸಹಜ ಬಲದಲ್ಲಿಯೇ ಬರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್ ಉದ್ದದ ಕೂದಲು ಪೂರ್ತಿ ಹೊಸದಾಗಲು ಎರಡೂವರೆ ವರ್ಷ ಬೇಕು. ಅಲ್ಲಿಯವರೆಗೆ ನಾವು ಮಾಡಬೇಕಾದದ್ದು ಎರಡು: ಹಳೆಯದನ್ನು ಮುರಿಯದಂತೆ ಕಾಯುವುದು, ತುದಿಯನ್ನು ಆಗಾಗ ಕತ್ತರಿಸುತ್ತಾ ಬರುವುದು.

ಮನೆಯಲ್ಲಿ ಮಾಡಬೇಕಾದದ್ದು

1. ಮತ್ತೆ ಬ್ಲೀಚ್, ಬಣ್ಣ, ಸ್ಟ್ರೇಟನಿಂಗ್ ಮಾಡಿಸುವುದನ್ನು ನಿಲ್ಲಿಸಿ. ಬಿಸಿ ಇಸ್ತ್ರಿಯಂಥ ಉಪಕರಣ ಕೂದಲಿಗೆ ತಾಗಿಸಬೇಡಿ.

2. ಸ್ನಾನಕ್ಕೆ ಕೆಲವು ಗಂಟೆ ಮೊದಲು ಕೂದಲಿನ ಉದ್ದಕ್ಕೂ, ತುದಿಯವರೆಗೆ ಕೊಬ್ಬರಿ ಎಣ್ಣೆ ಹಚ್ಚಿ. ಇದು ಅಜ್ಜಿಯ ಮಾತು ಮಾತ್ರವಲ್ಲ. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಬ್ಲೀಚ್ ಆದ ಕೂದಲಿನಲ್ಲೂ ಹಾಗೆಯೇ ಕಂಡಿತು. ಆದರೆ ತಲೆಹೊಟ್ಟು ಇದ್ದವರು ಎಣ್ಣೆಯನ್ನು ಬುಡಕ್ಕೆ ತಿಕ್ಕಬೇಡಿ, ಕೂದಲಿಗಷ್ಟೇ ಸವರಿ.

3. ಮೈಗೆ ಹಚ್ಚುವ ಸಾಬೂನು, ಬಟ್ಟೆ ಸಾಬೂನಿನಿಂದ ತಲೆ ತೊಳೆಯಬೇಡಿ. ಸಾಬೂನು ಕ್ಷಾರ, ಹಂಚುಗಳನ್ನು ಇನ್ನಷ್ಟು ಎಬ್ಬಿಸುತ್ತದೆ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಅದರ ಜಿಗುಟು ಕೂದಲಿಗೆ ಅಂಟಿಯೂ ಉಳಿಯುತ್ತದೆ. ಸೌಮ್ಯವಾದ ಶಾಂಪೂ ಸಾಕು. ಸೀಗೆಕಾಯಿ ಬಳಸುವವರು ನೆನೆಸಿ, ಸೋಸಿದ ನೀರನ್ನು ಬಳಸಿ. ತರಿ ಪುಡಿ ಹಾಕಿ ಉಜ್ಜಿದರೆ ಹಾಳಾದ ಕೂದಲು ಮುರಿಯುತ್ತದೆ.

4. ತೊಳೆದ ಮೇಲೆ ಕಂಡೀಷನರ್ ಹಚ್ಚಿ. ಕಡಿಮೆ ಬೆಲೆಯದೂ ಆಗುತ್ತದೆ.

5. ಒದ್ದೆ ಕೂದಲನ್ನು ಟವೆಲ್ಲಿನಿಂದ ಬಡಿಯಬೇಡಿ, ಹಿಂಡಬೇಡಿ. ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿಯ ಸಿಕ್ಕು ಬಿಡಿಸಿ, ಆ ಮೇಲೆ ಮೇಲಕ್ಕೆ ಬನ್ನಿ.

6. ಬಿಗಿಯಾಗಿ ಜಡೆ ಹೆಣೆಯಬೇಡಿ, ಹಣದ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಕಟ್ಟಬೇಡಿ.

ಹಾಳಾದ ಕೂದಲನ್ನು ಸರಿಮಾಡುತ್ತೇವೆಂದು ಪಾರ್ಲರುಗಳಲ್ಲಿ ಮಾಡುವ “ಕೆರಾಟಿನ್”, “ಸ್ಮೂದನಿಂಗ್” ಎಂಬವುಗಳ ಬಗ್ಗೆ ಎಚ್ಚರವಿರಲಿ. ಇವುಗಳಲ್ಲಿ ಕೆಲವು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಎಂಬ ವಿಷ ಅನಿಲ ಬಿಡುತ್ತವೆ. ಗ್ಲೈಆಕ್ಸಿಲಿಕ್ ಆಮ್ಲ ಇರುವ ಸ್ಟ್ರೇಟನಿಂಗ್ ಕ್ರೀಮಿನಿಂದ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳು ಈಚಿನ ವರ್ಷಗಳಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕೂದಲಿನ ಹೊಳಪಿಗಾಗಿ ಮೂತ್ರಪಿಂಡವನ್ನು ಒತ್ತೆ ಇಡುವುದು ಬೇಡ.

ಕಪ್ಪು ಬಣ್ಣ ಮತ್ತು ಅಲರ್ಜಿ

ಈಗ ಹೆಚ್ಚು ಮುಖ್ಯವಾದ ಮಾತಿಗೆ ಬರುತ್ತೇನೆ. ನರೆ ಮುಚ್ಚುವ ಬಹುಪಾಲು ಕಪ್ಪು ಬಣ್ಣಗಳಲ್ಲಿ ಪ್ಯಾರಾಫೆನಿಲೀನ್ ಡೈಅಮೀನ್ ಎಂಬ ರಾಸಾಯನಿಕ ಇರುತ್ತದೆ. ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2006ರಲ್ಲಿ ಇದನ್ನು “ವರ್ಷದ ಅಲರ್ಜಿಕಾರಕ” ಎಂದು ಹೆಸರಿಸಿ ಎಚ್ಚರಿಸಿತ್ತು.

“ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ” ಎಂದು ಹಲವರು ಹೇಳುತ್ತಾರೆ. ಅಲರ್ಜಿ ಹನ್ನೊಂದನೆಯ ವರ್ಷವೂ ಶುರುವಾಗಬಹುದು. ಹಚ್ಚಿದ ತಕ್ಷಣ ಏನೂ ಕಾಣುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಹಣೆ, ಕಿವಿಯ ಹಿಂದೆ, ಕುತ್ತಿಗೆಯಲ್ಲಿ ನವೆ, ಕೆಂಪು, ನೀರುಗುಳ್ಳೆ ಬರುತ್ತವೆ, ರೆಪ್ಪೆ ಊದುತ್ತದೆ. ರೋಗಿಗಳು ಇದನ್ನು ಹುಳ ಕಚ್ಚಿದ್ದು, ಊಟ ಒಗ್ಗದ್ದು ಎಂದುಕೊಳ್ಳುತ್ತಾರೆ. ಬಣ್ಣ ಹಚ್ಚಿದ್ದನ್ನು ಹೇಳಲು ಸಂಕೋಚ ಪಡುತ್ತಾರೆ. ದಯವಿಟ್ಟು ಹೇಳಿ. ಪೊಟ್ಟಣವಿದ್ದರೆ ಜೊತೆಗೆ ತನ್ನಿ.

ಒಮ್ಮೆ ಅಲರ್ಜಿ ಬಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಮುಂದಿನ ಸಲ ಇನ್ನೂ ಜೋರಾಗಬಹುದು. ಕಂಪನಿ ಬದಲಾಯಿಸಿದರೆ ಸರಿಹೋಗುತ್ತದೆ ಎಂಬುದು ತಪ್ಪು. ಅಂಥವರು ಯಾವುದೇ ಚಿಕಿತ್ಸೆಗೆ ಹೋದಾಗಲೂ ಇದನ್ನು ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಬೆಂಜೊಕೇನ್‌ನಂಥ ಮರಗಟ್ಟಿಸುವ ಮುಲಾಮು ಕೂಡ ಅವರಿಗೆ ಒಗ್ಗದಿರಬಹುದು.

ಇಂಥ ಬಣ್ಣದ ಪೊಟ್ಟಣದ ಮೇಲೆ ಮೊದಲು ಪರೀಕ್ಷೆ ಮಾಡಿ ಹಚ್ಚಬೇಕು, ಹುಬ್ಬು ಮತ್ತು ರೆಪ್ಪೆಗೂದಲಿಗೆ ಹಚ್ಚಿದರೆ ಕುರುಡುತನ ಬರಬಹುದು ಎಂಬ ಎಚ್ಚರಿಕೆಯನ್ನು ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಮುದ್ರಿಸಬೇಕೆಂದು ನಮ್ಮ ದೇಶದ ನಿಯಮವೇ ಹೇಳುತ್ತದೆ. ಅದನ್ನು ಓದಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಪೊಟ್ಟಣದಲ್ಲಿ ಹೇಳಿದಂತೆ ಸ್ವಲ್ಪ ಬಣ್ಣವನ್ನು ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಗೆ ಹಚ್ಚಿ ಪರೀಕ್ಷಿಸಿ, ಎರಡು ದಿನ ಕಾಯಿರಿ. ನವೆ, ಕೆಂಪು ಬಂದರೆ ಆ ಬಣ್ಣ ನಿಮಗಲ್ಲ. ಪ್ರತಿ ಸಲವೂ ಈ ಪರೀಕ್ಷೆ ಮಾಡಿ. ಈಗಾಗಲೇ ಒಮ್ಮೆ ಅಲರ್ಜಿ ಆದವರು ಮಾತ್ರ ಮನೆಯಲ್ಲಿ ಪರೀಕ್ಷೆಯನ್ನೂ ಮಾಡಬೇಡಿ.

“ಅಮೋನಿಯಾ ಇಲ್ಲ” ಎಂದು ಬರೆದಿದ್ದರೆ ಪಿಪಿಡಿ ಇಲ್ಲ ಎಂದಲ್ಲ. “ಕಪ್ಪು ಮೆಹಂದಿ” ಎಂಬುದೂ ಹಾಗೆಯೇ. ನಿಜವಾದ ಮದರಂಗಿ ಸೊಪ್ಪು ಕೊಡುವುದು ಕೇಸರಿ ಕೆಂಪು ಬಣ್ಣ. ಕೆಲವೇ ನಿಮಿಷಗಳಲ್ಲಿ ಕಪ್ಪಾಗುವ ಪುಡಿಯಲ್ಲಿ ಬೇರೆ ಬಣ್ಣ ಬೆರೆತಿದೆ ಎಂದೇ ತಿಳಿಯಿರಿ. ಮಕ್ಕಳ ಕೈಗಂತೂ ಅದನ್ನು ಹಚ್ಚಲೇಬೇಡಿ.

ತಕ್ಷಣ ಆಸ್ಪತ್ರೆಗೆ ಬರಬೇಕಾದ ಸಂದರ್ಭ

ಬಣ್ಣ ಹಚ್ಚಿದ ಮೇಲೆ ಉಸಿರಾಟಕ್ಕೆ ತೊಂದರೆ, ನಾಲಿಗೆ ಅಥವಾ ಗಂಟಲು ಊತ, ತಲೆಸುತ್ತು ಬಂದರೆ ಕಾಯಬೇಡಿ. ತಲೆಯನ್ನು ನೀರಿನಿಂದ ತೊಳೆದು ತುರ್ತು ವಿಭಾಗಕ್ಕೆ ಕರೆತನ್ನಿ. ಬಣ್ಣ ಕಣ್ಣಿಗೆ ಬಿದ್ದರೆ ಹರಿಯುವ ಶುದ್ಧ ನೀರಿನಲ್ಲಿ 15 ನಿಮಿಷ ತೊಳೆದು ಬನ್ನಿ. ಅರಿಶಿನ, ನಿಂಬೆರಸ, ಸುಣ್ಣ ಏನನ್ನೂ ಹಚ್ಚಬೇಡಿ.

ಕೂದಲಿನ ಬಣ್ಣ ಹೊಟ್ಟೆಗೆ ಹೋದರೆ ಅದು ಘೋರ ವಿಷ. ಮೊದಲು ಗಂಟಲು, ಕುತ್ತಿಗೆ ಊದಿ ಉಸಿರು ಕಟ್ಟುತ್ತದೆ. ಆ ಮೇಲೆ ಮೂತ್ರ ಕಂದು, ಕಪ್ಪು ಬಣ್ಣಕ್ಕೆ ತಿರುಗಿ ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಇದಕ್ಕೆ ಪ್ರತಿವಿಷ ಇಲ್ಲ. ಬೇಗ ಬಂದರೆ ಉಸಿರು ಕಾಯ್ದು, ಮೂತ್ರಪಿಂಡ ಕಾಯ್ದು ಜೀವ ಉಳಿಸಬಹುದು. ವಾಂತಿ ಮಾಡಿಸಲು ಹೋಗಬೇಡಿ, 108ಕ್ಕೆ ಕರೆ ಮಾಡಿ. ಆದ್ದರಿಂದ ಬಣ್ಣದ ಸೀಸೆ, ಪೊಟ್ಟಣ ಮಕ್ಕಳ ಕೈಗೆ ಸಿಗದಂತೆ ಬೀಗದ ಒಳಗಿಡಿ. ಮನೆಯಲ್ಲಿ ಯಾರಾದರೂ ಬೇಸರದಿಂದ ಮಾತು ಬಿಟ್ಟು ಕೂತಿದ್ದರೆ ಅವರ ಕೈಗೂ ಸಿಗಬಾರದು. ಅವರ ಜೊತೆ ಕೂತು ಮಾತನಾಡಿ, ವೈದ್ಯರ ಬಳಿ ಕರೆತನ್ನಿ. 14416 ಟೆಲಿಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ನೀವು ಕೇಳುವ ಕೆಲವು ಪ್ರಶ್ನೆಗಳು

ಬಾಣಂತನ, ದೊಡ್ಡ ಜ್ವರ, ಆಪರೇಷನ್ ಆದ ಮೇಲೆ ಕೂದಲು ಉದುರುತ್ತಿದೆ, ಬಣ್ಣದಿಂದಲೇ? ಅಲ್ಲ. ಅವುಗಳ ಎರಡು ಮೂರು ತಿಂಗಳ ನಂತರ ಕೂದಲು ಬುಡಸಮೇತ ಉದುರುವುದು ಸಾಮಾನ್ಯ, ಕೆಲವು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಬ್ಲೀಚಿನಿಂದಾದರೆ ಕೂದಲು ನಡುವೆ ಮುರಿಯುತ್ತದೆ. ಉದುರುವುದು ನಿಲ್ಲದಿದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಆಸ್ತಮಾ ಇದ್ದವರು ಬ್ಲೀಚ್ ಮಾಡಿಸಬಹುದೇ? ಬೇಡ. ಬ್ಲೀಚ್ ಪುಡಿಯಲ್ಲಿರುವ ಪರ್‌ಸಲ್ಫೇಟ್ ಉಬ್ಬಸ ತರಬಲ್ಲದು. ಪಾರ್ಲರಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೂ ಇದು ಅನ್ವಯಿಸುತ್ತದೆ.

ತಲೆಯಲ್ಲಿ ಗಾಯ, ಕಜ್ಜಿ ಇದ್ದರೆ? ಪೂರ್ತಿ ವಾಸಿಯಾಗುವವರೆಗೆ ಯಾವ ಬಣ್ಣವೂ ಬೇಡ.

ಕೊನೆಯದಾಗಿ ಒಂದು ಮಾತು. ನರೆ ಬರುವುದು ರೋಗವಲ್ಲ, ಅದಕ್ಕೆ ನಾಚಬೇಕಾಗಿಲ್ಲ. ಬಣ್ಣ ಹಚ್ಚಲೇಬೇಕು ಎನ್ನಿಸಿದರೆ ಪರೀಕ್ಷೆ ಮಾಡಿ ಹಚ್ಚಿ. ಕೂದಲು ಈಗಾಗಲೇ ಹಾಳಾಗಿದ್ದರೆ ಎಣ್ಣೆ, ಕತ್ತರಿ, ತಾಳ್ಮೆ ಈ ಮೂರು ಸಾಕು. ಇಂದು ಕೇಳಿದ್ದನ್ನು ಮನೆಯವರಿಗೂ, ಓಣಿಯವರಿಗೂ ತಿಳಿಸಿ. ಸಂಶಯವಿದ್ದರೆ ಸಂಕೋಚವಿಲ್ಲದೆ ಬಂದು ಕೇಳಿ.