ಆನ್‌ಲೈನ್ ಅಂಗಡಿಗೆ ಮುನ್ನ ಖರ್ಚಿನ ಲೆಕ್ಕ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಶೇಂಗಾ, ನವಣೆ ಅಕ್ಕಿ, ಹುಣಸೆಹಣ್ಣನ್ನು ಆನ್‌ಲೈನ್ ಅಂಗಡಿಯಲ್ಲಿ ಮಾರಬಹುದು. ಹಡಗಲಿ ಮಲ್ಲಿಗೆ ಮಾತ್ರ ಅಂಚೆಗಾಗಿ ಕಾಯುವ ಸರಕಲ್ಲ.

ಅಂಗಡಿ ಕಟ್ಟಿಸುವ ಖರ್ಚು ಒಮ್ಮೆ. ಹೆಸರಿನ ನವೀಕರಣ, ಸರ್ವರ್ ಬಾಡಿಗೆ ವರ್ಷವರ್ಷವೂ ಬರುತ್ತವೆ. ಉದಾಹರಣೆಗೆ ಕಟ್ಟಿಸಲು 20,000 ರೂಪಾಯಿ, ಬಾಡಿಗೆಗೆ 6,000 ಎಂದಿಟ್ಟುಕೊಳ್ಳಿ. ಮಾಲಿನ ಪೇಟೆ ದರ, ಪೊಟ್ಟಣ, ಅಂಚೆ ವೆಚ್ಚ ಕಳೆದು ಕಿಲೋ ನವಣೆ ಅಕ್ಕಿಗೆ 20 ರೂಪಾಯಿ ಉಳಿದರೆ, 13 ಕ್ವಿಂಟಾಲ್ ಮಾರಿದ ಮೇಲೆಯೇ ಹಾಕಿದ ಹಣ ಕೈಸೇರುತ್ತದೆ. ಅಷ್ಟು ಗಿರಾಕಿಗಳಿಲ್ಲದೆ ಸಾಲ ಮಾಡಿ ಅಂಗಡಿ ಕಟ್ಟಿಸಬೇಡಿ. ಒಂದು ಸುಗ್ಗಿ ವಾಟ್ಸಾಪ್‌ನಲ್ಲೇ ಬೇಡಿಕೆ ಪಡೆದು, ಯುಪಿಐ ಮೂಲಕ ಹಣ ತರಿಸಿಕೊಳ್ಳಿ. ಪ್ರತಿ ಪೊಟ್ಟಣದ ತೂಕ, ಅಂಚೆ ವೆಚ್ಚ ಬರೆದಿಡಿ. ಮುಂದೆ ಅಂಗಡಿ ಕಟ್ಟಿಸುವುದಾದರೆ, ಎರಡನೇ ವರ್ಷದ ಖರ್ಚನ್ನೂ ಕಟ್ಟುವವರಿಂದ ಮೊದಲೇ ಬರೆಸಿಕೊಳ್ಳಿ.