ಮಸ್ಕಿಯ ಬಂಡೆ, ಮಾಂಟಿಸೆಲೊದ ಗೋರಿಕಲ್ಲು



ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಊರಿಗೆ ಒತ್ತಿ ನಿಂತ ಕಲ್ಲುಗುಡ್ಡದ ಕಡೆ ಕತ್ತೆತ್ತಿ ನೋಡುವವರು ಕಡಿಮೆ. ಆದರೆ ಆ ಗುಡ್ಡದ ಒಂದು ಬಂಡೆಯ ಮೇಲಿರುವ ಎಂಟು ಸಾಲುಗಳ ಬರಹ ಭಾರತದ ಇತಿಹಾಸದ ಬಹುದೊಡ್ಡ ಒಗಟೊಂದನ್ನು ಬಿಡಿಸಿತು. ಆ ಬಂಡೆಯ ಕಥೆ ಹೇಳುವ ಮೊದಲು ಸಾವಿರಾರು ಮೈಲು ದೂರದ ಇನ್ನೊಂದು ಕಲ್ಲಿನ ಮಾತನ್ನು ಹೇಳಬೇಕು.

ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತೀರಿಕೊಂಡದ್ದು 1826ರ ಜುಲೈ 4ರಂದು. ಅವನೇ ಬರೆದಿದ್ದ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅಂದಿಗೆ ಸರಿಯಾಗಿ ಐವತ್ತು ವರ್ಷ ತುಂಬಿತ್ತು. ವರ್ಜೀನಿಯದ ಮಾಂಟಿಸೆಲೊದಲ್ಲಿ ಅವನ ಸಮಾಧಿ ಇದೆ. ಅದರ ಮೇಲೆ ಏನು ಕೆತ್ತಬೇಕೆಂಬುದನ್ನು ಅವನೇ ಬರೆದಿಟ್ಟಿದ್ದ. ಸ್ವಾತಂತ್ರ್ಯ ಘೋಷಣೆಯ ಕರ್ತೃ, ವರ್ಜೀನಿಯದ ಧಾರ್ಮಿಕ ಸ್ವಾತಂತ್ರ್ಯ ಶಾಸನದ ಕರ್ತೃ, ವರ್ಜೀನಿಯ ವಿಶ್ವವಿದ್ಯಾಲಯದ ಜನಕ. ಇವಿಷ್ಟೇ ಅವನು ಹೇಳಿಕೊಂಡ ಮೂರು ಕೆಲಸಗಳು. 1801ರಿಂದ 1809ರವರೆಗೆ ಎಂಟು ವರ್ಷ ದೇಶವನ್ನಾಳಿದ ಸಂಗತಿ ಅಲ್ಲಿಲ್ಲ. 1803ರಲ್ಲಿ ಫ್ರಾನ್ಸಿನಿಂದ ಒಂದೂವರೆ ಕೋಟಿ ಡಾಲರಿಗೆ ಲೂಸಿಯಾನ ಪ್ರಾಂತ್ಯವನ್ನು ಕೊಂಡು ದೇಶದ ವಿಸ್ತಾರವನ್ನು ಸುಮಾರು ಇಮ್ಮಡಿಗೊಳಿಸಿದ ಮಾತೂ ಇಲ್ಲ.

ಅಂದರೆ ಜೆಫರ್ಸನ್ ತನ್ನ ಹೆಸರನ್ನು ಉಳಿಸಿಕೊಂಡು ಪದವಿಯನ್ನು ಬಿಟ್ಟ. ಮೌರ್ಯ ಚಕ್ರವರ್ತಿ ಅಶೋಕ ಮಾಡಿದ್ದು ಇದಕ್ಕೆ ತದ್ವಿರುದ್ಧ. ದೇಶದ ಉದ್ದಗಲಕ್ಕೂ ಬಂಡೆ, ಕಂಬಗಳ ಮೇಲೆ ತನ್ನ ಮಾತುಗಳನ್ನು ಕೆತ್ತಿಸಿದ ಅವನು ಬಹುತೇಕ ಎಲ್ಲ ಕಡೆ ಹೇಳಿಕೊಂಡದ್ದು ಬಿರುದನ್ನು ಮಾತ್ರ: ದೇವಾನಾಂಪ್ರಿಯ, ಪ್ರಿಯದರ್ಶಿ. ದೇವತೆಗಳಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು ಎಂದು ಅರ್ಥ. ಸ್ವಂತ ಹೆಸರು ಇರಲಿಲ್ಲ. ಇದರ ಫಲವಾಗಿ ಕಲ್ಲು ಉಳಿಯಿತು, ಕಲ್ಲಿನ ಒಡೆಯ ಯಾರೆಂಬುದು ಮರೆತುಹೋಯಿತು. ಕಾಲಕ್ರಮೇಣ ಆ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರೂ ಇಲ್ಲವಾದರು.

ಲಿಪಿಯ ಬೀಗ ತೆಗೆದವನು ಕಲ್ಕತ್ತೆಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್. ಸಾಂಚಿ ಸ್ತೂಪದ ಕಲ್ಲುಗಳ ಮೇಲಿನ ಚಿಕ್ಕ ಚಿಕ್ಕ ಬರಹಗಳೆಲ್ಲ ಒಂದೇ ಬಗೆಯ ಅಕ್ಷರಗಳಿಂದ ಮುಗಿಯುವುದನ್ನು ಅವನು ಗಮನಿಸಿದ. ಇವು ಭಕ್ತರು ಕೊಟ್ಟ ಕಾಣಿಕೆಯ ದಾಖಲೆಗಳಿರಬೇಕು, ಹಾಗಾದರೆ ಕೊನೆಯ ಮಾತು 'ದಾನಂ' ಇರಬೇಕು ಎಂದು ಊಹಿಸಿದ. ಊಹೆ ನಿಜವಾಯಿತು. ಆ ಜಾಡು ಹಿಡಿದು 1837ರಲ್ಲಿ ಲಿಪಿಯನ್ನು ಪೂರ್ತಿ ಓದಿದ. ಆದರೆ ಈ ಪ್ರಿಯದರ್ಶಿ ಯಾರು? ಸಿಂಹಳದ ದೊರೆ ಇರಬಹುದೆಂದು ಪ್ರಿನ್ಸೆಪ್ ಮೊದಲು ಭಾವಿಸಿದ್ದ. ಅದೇ ವರ್ಷ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥವೊಂದರ ಆಧಾರದ ಮೇಲೆ, ಪ್ರಿಯದರ್ಶಿ ಎಂದರೆ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕನೇ ಎಂದು ತೋರಿಸಿದ. ವಿದ್ವಾಂಸರು ಒಪ್ಪಿದರು. ಆದರೂ ಅದು ಗ್ರಂಥದ ಸಾಕ್ಷಿ. ಕಲ್ಲು ತಾನಾಗಿ ಹೆಸರು ಹೇಳಿರಲಿಲ್ಲ.

ಆ ಸಾಕ್ಷಿಗಾಗಿ ಇನ್ನೂ 78 ವರ್ಷ ಕಾಯಬೇಕಾಯಿತು. 1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಈ ಬರಹವನ್ನು ಕಂಡ. ಆಗ ಈ ಸೀಮೆ ಹೈದರಾಬಾದಿನ ನಿಜಾಮನ ಆಡಳಿತದಲ್ಲಿತ್ತು. ಅದನ್ನು ಓದಿ ಪ್ರಕಟಿಸಿದವರು ಶಾಸನತಜ್ಞ ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದೇ ವರ್ಷ ಅವರ ಬರಹ ಹೊರಬಂತು. ಶಾಸನದ ಮೊದಲ ಸಾಲಿನಲ್ಲೇ 'ದೇವಾನಂಪಿಯಸ ಅಸೋಕಸ' ಎಂದಿತ್ತು. ದೇವಾನಾಂಪ್ರಿಯನಾದ ಅಶೋಕನ ಮಾತು ಎಂದು ಅದರ ತಾತ್ಪರ್ಯ. ಬಿರುದೂ ಹೆಸರೂ ಒಂದೇ ಕಲ್ಲಿನ ಮೇಲೆ ಅಕ್ಕಪಕ್ಕದಲ್ಲಿ ಮೊದಲ ಬಾರಿಗೆ ಸಿಕ್ಕವು. ಚಿನ್ನದ ಕೆಲಸದವನ ಕೈಗೆ ಚಿನ್ನಕ್ಕಿಂತ ಬೆಲೆಯುಳ್ಳದ್ದು ಸಿಕ್ಕಿತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಸಿಂಧನೂರು ಸೀಮೆಯಿಂದ ತುಂಗಭದ್ರೆಯ ಆಚೆಗಿರುವ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಹೆಸರಿರುವ ಶಾಸನಗಳು ದೊರೆತವು. ಅದರಿಂದ ಮಸ್ಕಿಯ ಹಿರಿಮೆ ಕುಗ್ಗಲಿಲ್ಲ. ಮೊದಲು ಹೆಸರು ಹೇಳಿದ ಕಲ್ಲು ಇದೇ.

ಪಾಟಲಿಪುತ್ರದ ದೊರೆ ಇಷ್ಟು ದೂರದ ಮಸ್ಕಿಯಲ್ಲಿ ಏಕೆ ಬರೆಸಿದ ಎಂಬ ಪ್ರಶ್ನೆ ಸಹಜ. ಮಸ್ಕಿ ಆಗಲೇ ಹಳೆಯ ಊರು. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಇಲ್ಲಿ ನಡೆಸಿದ ಉತ್ಖನನದಲ್ಲಿ ತಾಮ್ರ-ಶಿಲಾಯುಗದ ನೆಲೆಯೂ, ಅದರ ಮೇಲೆ ಬೃಹತ್ ಶಿಲಾಸಮಾಧಿಗಳ ಕಾಲದ ನೆಲೆಯೂ, ಅದಾದ ಮೇಲೆ ಇತಿಹಾಸ ಕಾಲದ ಆರಂಭದ ನೆಲೆಯೂ ಪದರ ಪದರವಾಗಿ ಕಂಡುಬಂದವು. ಇನ್ನೊಂದು ಕಾರಣ ಚಿನ್ನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗಣಿಗಾರಿಕೆ ನಡೆದಿತ್ತೆಂಬುದಕ್ಕೆ ಹಳೆಯ ಸುರಂಗಗಳ ಕುರುಹುಗಳಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ಮೌರ್ಯರ ದಕ್ಷಿಣ ಪ್ರಾಂತ್ಯದ ಕೇಂದ್ರವಾದ 'ಸುವರ್ಣಗಿರಿ'ಯ ಹೆಸರು ಬರುತ್ತದೆ. ಅಲ್ಲಿದ್ದ ರಾಜಕುಮಾರ ಇಸಿಲ ಎಂಬಲ್ಲಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಸುವರ್ಣಗಿರಿ ಯಾವುದು? ಕೆಲವರು ಮಸ್ಕಿ ಎನ್ನುತ್ತಾರೆ, ಕೆಲವರು ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುತ್ತಾರೆ, ಆಂಧ್ರದ ಜೊನ್ನಗಿರಿ ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಈ ಚಿನ್ನದ ನಾಡಿನ ಮೇಲೆ ಮಗಧದ ಕಣ್ಣಿತ್ತು ಎಂಬುದಂತೂ ಸ್ಪಷ್ಟ.

ಇಷ್ಟಾಗಿ ಆ ಎಂಟು ಸಾಲುಗಳಲ್ಲಿ ಏನಿದೆ? ಕಂದಾಯದ ಲೆಕ್ಕವಿಲ್ಲ, ಯುದ್ಧದ ಬಡಾಯಿಯಿಲ್ಲ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತು, ಸಂಘದ ಬಳಿ ಹೋಗಿ ಹುರುಪಿನಿಂದ ನಡೆಯತೊಡಗಿದ್ದು ಆಮೇಲೆ ಎಂದು ಅಶೋಕ ಹೇಳಿಕೊಳ್ಳುತ್ತಾನೆ. ಭಾಷೆ ಪ್ರಾಕೃತ. ಮುಂದಿನ ಮಾತು ಇನ್ನೂ ಮುಖ್ಯ. ಧರ್ಮದ ದಾರಿಯ ಫಲ ದೊಡ್ಡವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು, ಸಣ್ಣವರೂ ಅದನ್ನು ಪಡೆಯಬಲ್ಲರು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎಂದು ದೊರೆ ಅಪ್ಪಣೆ ಮಾಡುತ್ತಾನೆ. ಶಾಸನದಲ್ಲಿ ಸಣ್ಣವರಿಗೆ ಬಳಸಿದ ಮಾತು 'ಖುದಕ'. ಹುಟ್ಟಿನಿಂದಲೋ ಸ್ಥಾನದಿಂದಲೋ ಕೆಳಗಿದ್ದವರನ್ನು ಒಬ್ಬ ಚಕ್ರವರ್ತಿ ಕಲ್ಲಿನ ಮೇಲೆ ಲೆಕ್ಕಕ್ಕೆ ತೆಗೆದುಕೊಂಡದ್ದು ಸಾಮಾನ್ಯ ಸಂಗತಿಯಲ್ಲ.

ಎರಡು ಸಾವಿರ ವರ್ಷ ಕಳೆದು, 1776ರಲ್ಲಿ, ಮನುಷ್ಯರೆಲ್ಲ ಸಮಾನರಾಗಿ ಹುಟ್ಟಿದ್ದಾರೆ ಎಂದು ಬರೆದವನು ಜೆಫರ್ಸನ್. ಆದರೆ ಬರೆದದ್ದಕ್ಕೂ ಬದುಕಿದ್ದಕ್ಕೂ ನಡುವೆ ಇದ್ದ ಅಂತರವನ್ನು ಮುಚ್ಚಿಟ್ಟು ಇಂಥವರ ಚರಿತ್ರೆ ಹೇಳಲಾಗದು. ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ. ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿದವನೂ ಅವನೇ, ಹೊರದೇಶದಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾನೂನಿಗೆ 1807ರಲ್ಲಿ ಸಹಿ ಹಾಕಿದ ಅಧ್ಯಕ್ಷನೂ ಅವನೇ. ಆದರೆ ತನ್ನ ಮನೆಯವರಲ್ಲಿ ಬಿಡುಗಡೆ ಮಾಡಿದ್ದು ಬೆರಳೆಣಿಕೆಯಷ್ಟು ಮಂದಿಯನ್ನು. ಅವನು ಸತ್ತ ಮೇಲೆ, 1827ರಲ್ಲಿ, ಸಾಲ ತೀರಿಸಲು ಮಾಂಟಿಸೆಲೊದ ಸುಮಾರು 130 ಗುಲಾಮರನ್ನು ಹರಾಜಿಗೆ ನಿಲ್ಲಿಸಲಾಯಿತು. ಈ ಸಂಗತಿಯೂ ಗೋರಿಕಲ್ಲಿನ ಮೇಲಿಲ್ಲ.

ಅಶೋಕನೂ ಇಂಥ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಪಟ್ಟಾಭಿಷೇಕವಾದ ಎಂಟನೆಯ ವರ್ಷದಲ್ಲಿ ಅವನು ಕಳಿಂಗವನ್ನು ಗೆದ್ದ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು, ಒಂದು ಲಕ್ಷ ಜನ ಹತರಾದರು, ಇನ್ನೂ ಎಷ್ಟೋ ಮಂದಿ ಸತ್ತರು ಎಂದು ಅವನ ಹದಿಮೂರನೆಯ ಬಂಡೆ ಶಾಸನವೇ ಹೇಳುತ್ತದೆ. ಗೆದ್ದ ದೊರೆಯೊಬ್ಬ ಸತ್ತವರ ಲೆಕ್ಕ ಕೊಟ್ಟು ಪಶ್ಚಾತ್ತಾಪಪಟ್ಟದ್ದು ಅಪರೂಪದ ಘಟನೆ. ಆದರೆ ಇತಿಹಾಸಕಾರರು ಇನ್ನೊಂದನ್ನೂ ಎತ್ತಿ ತೋರಿಸುತ್ತಾರೆ. ಆ ಪಶ್ಚಾತ್ತಾಪದ ಶಾಸನವನ್ನು ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಕೆತ್ತಿಸಲಿಲ್ಲ. ಗೆದ್ದ ನಾಡನ್ನು ಹಿಂದಿರುಗಿಸಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ಪಶ್ಚಾತ್ತಾಪವಿದ್ದರೂ ದಂಡಿಸುವ ಶಕ್ತಿ ತನಗಿದೆ ಎಂಬ ಎಚ್ಚರಿಕೆಯೂ ಇದೆ. ಮರಣದಂಡನೆಯನ್ನು ಅವನು ತೆಗೆದುಹಾಕಲಿಲ್ಲ. ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನಗಳ ಅವಕಾಶ ಕೊಟ್ಟ, ಅಷ್ಟೆ.

ಹಾಗಾದರೆ ಇವರ ಮಾತುಗಳಿಗೆ ಬೆಲೆಯಿಲ್ಲವೇ? ಬೆಲೆ ಇದೆ. ಮಾತು ಒಮ್ಮೆ ಕಲ್ಲಿಗೆ ಅಥವಾ ಕಾಗದಕ್ಕೆ ಇಳಿದ ಮೇಲೆ ಅದು ಆಡಿದವನ ಸ್ವತ್ತಾಗಿ ಉಳಿಯುವುದಿಲ್ಲ. 1791ರಲ್ಲಿ ಬೆಂಜಮಿನ್ ಬ್ಯಾನೆಕರ್ ಎಂಬ ಕಪ್ಪು ಜನಾಂಗದ ಗಣಿತಜ್ಞ ಜೆಫರ್ಸನ್ನನಿಗೆ ಕಾಗದ ಬರೆದು, ಸಮಾನತೆ ಸಾರಿದ ನೀವೇ ನಮ್ಮವರನ್ನು ಬಂಧನದಲ್ಲಿಟ್ಟಿದ್ದೀರಲ್ಲ ಎಂದು ಅವನ ಮಾತಿನಿಂದಲೇ ಅವನನ್ನು ಕೇಳಿದ. 1863ರಲ್ಲಿ ಗೆಟ್ಟಿಸ್‌ಬರ್ಗಿನಲ್ಲಿ ಲಿಂಕನ್, ನೂರು ವರ್ಷಗಳ ನಂತರ ಮಾರ್ಟಿನ್ ಲೂಥರ್ ಕಿಂಗ್ ಅದೇ ಮಾತನ್ನು ಸಾಲಪತ್ರದಂತೆ ದೇಶದ ಮುಂದೆ ಹಿಡಿದರು. ಇಲ್ಲಿಯೂ ಹಾಗೆಯೇ ಆಯಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ಧ್ವಜದ ನಡುವೆ ಅಶೋಕನ ಚಕ್ರ ಬಂತು. 1950ರ ಜನವರಿ 26ರಂದು ಸಾರನಾಥದ ಸಿಂಹಗಳು ರಾಷ್ಟ್ರಲಾಂಛನವಾದವು. 1956ರಲ್ಲಿ ನಾಗಪುರದಲ್ಲಿ ಡಾ. ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧಧರ್ಮ ಸ್ವೀಕರಿಸಿದ್ದು ಅಶೋಕನ ನೆನಪಿಗೆ ಸೇರಿದ ವಿಜಯದಶಮಿಯಂದು. ಮಸ್ಕಿಯ ಬಂಡೆ ಹೆಸರಿಸಿದ 'ಖುದಕ'ರು ತಮ್ಮ ಪಾಲನ್ನು ತಾವೇ ಕೇಳಿ ಪಡೆದ ದಿನ ಅದು ಎನ್ನಬಹುದು.

ಇನ್ನೊಂದು ಹೋಲಿಕೆಯನ್ನೂ ಇಲ್ಲಿ ನೆನೆಯಬೇಕು. ಜೆಫರ್ಸನ್ ತನ್ನ ಗೋರಿಯ ಮೇಲೆ ಹೇಳಿಕೊಂಡ ಧಾರ್ಮಿಕ ಸ್ವಾತಂತ್ರ್ಯದ ಶಾಸನ ವರ್ಜೀನಿಯದಲ್ಲಿ ಜಾರಿಗೆ ಬಂದದ್ದು 1786ರಲ್ಲಿ. ಯಾರನ್ನೂ ಯಾವುದೇ ಮತಕ್ಕೆ ಬಲವಂತಪಡಿಸುವಂತಿಲ್ಲ, ನಂಬಿಕೆಯ ಕಾರಣಕ್ಕೆ ಯಾರ ನಾಗರಿಕ ಹಕ್ಕೂ ಕಡಿಮೆಯಾಗುವಂತಿಲ್ಲ ಎಂಬುದು ಅದರ ಸಾರ. ಅಶೋಕನ ಹನ್ನೆರಡನೆಯ ಬಂಡೆ ಶಾಸನ ಹೇಳುವುದೂ ಇದಕ್ಕೆ ಹತ್ತಿರದ ಮಾತು. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಆದ್ದರಿಂದ ಮಾತಿನಲ್ಲಿ ಹಿಡಿತವಿರಲಿ ಎಂಬುದು ಅದರ ತಿರುಳು. ಆ ಶಾಸನದ ಒಂದು ಭಾಗ ದೊರೆತದ್ದು ನಮ್ಮದೇ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬೆಯ ದೇವಸ್ಥಾನದ ಆವರಣದಲ್ಲಿ. ಅಶೋಕನ ಮಾತುಳ್ಳ ಆ ಚಪ್ಪಡಿ ಎಷ್ಟೋ ಕಾಲ ದೇವಿಯ ಮೂರ್ತಿಗೆ ಪೀಠವಾಗಿತ್ತು. ಪರಮತ ಸಹನೆಯ ಶಾಸನ ಬೇರೊಂದು ಮತದ ದೇವತೆಯನ್ನು ಹೊತ್ತು ನಿಂತಿತ್ತು.

ಮಸ್ಕಿ ಹಿಂದೆ ಲಿಂಗಸುಗೂರು ತಾಲ್ಲೂಕಿನ ಒಂದು ಊರು. ಈಗ ತಾನೇ ತಾಲ್ಲೂಕು ಕೇಂದ್ರ. ಹಳೆಯ ಕನ್ನಡ ಶಾಸನಗಳಲ್ಲಿ ಅದರ ಹೆಸರು ಪಿರಿಯ ಮೊಸಂಗಿ. ಮೌರ್ಯರು ಹೋದರು, ಚಾಲುಕ್ಯರು ಹೋದರು, ನಿಜಾಮರೂ ಹೋದರು. ಅವರವರ ಕಾಲದಲ್ಲಿ ಅವರವರು ದೊಡ್ಡವರು. ಉಳಿದದ್ದು, ಸಣ್ಣವರಿಗೂ ಇದನ್ನು ತಿಳಿಸಿರಿ ಎಂಬ ಅಪ್ಪಣೆ ಮಾತ್ರ. ಆ ಅಪ್ಪಣೆ ಮಾಡಿದಾಗ ಅದನ್ನು ಜನಕ್ಕೆ ಓದಿ ಹೇಳಬೇಕಾಗಿದ್ದವರು ರಾಜಾಧಿಕಾರಿಗಳು. ಇಂದು ಆ ಕೆಲಸ ಈ ಊರುಗಳ ಶಾಲೆಯ ಮೇಷ್ಟ್ರುಗಳದ್ದು, ಮಕ್ಕಳನ್ನು ಕೈಹಿಡಿದು ಗುಡ್ಡ ಹತ್ತಿಸುವ ತಂದೆತಾಯಿಗಳದ್ದು. ಸಿಂಧನೂರಿನಿಂದಾಗಲಿ, ಲಿಂಗಸುಗೂರಿನಿಂದಾಗಲಿ ಮಸ್ಕಿಗೆ ಬಸ್ಸಿನ ದಾರಿ ದೂರವೇನಿಲ್ಲ.