ಹಗುರ ಕಾರಿಗೆ ಹೊಸ ಟೈರು

ಈ ವಾರದ ಮಾತು ಟೈರಿನ ಬಗ್ಗೆ. ಅದರಲ್ಲೂ ಎರಡೇ ಸೀಟಿನ, ಹಗುರ ಮೈಯ, ವಯಸ್ಸಾದ ಸ್ಪೋರ್ಟ್ಸ್ ಕಾರಿನ ಟೈರಿನ ಬಗ್ಗೆ. "ನಮ್ಮ ಮನೆಗೆ ಅಂಥ ಕಾರು ಎಲ್ಲಿಂದ ಬರಬೇಕು ಸ್ವಾಮಿ" ಎಂದು ರೇಡಿಯೋ ಆರಿಸಬೇಡಿ. ನಮ್ಮ ಕೇಳುಗರಲ್ಲಿ ಎಷ್ಟೋ ಮಂದಿಯ ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದಾರೆ. ಅಲ್ಲಿ ಕೆಲಸ ಸಿಕ್ಕಿ ಕೈಗೆ ನಾಲ್ಕು ಕಾಸು ಬಂದಾಗ ಹುಡುಗರು ಆಸೆಪಟ್ಟು ಕೊಳ್ಳುವ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಮಜ್ದಾ ಕಂಪನಿಯ ಎಂಎಕ್ಸ್-5 ಒಂದು. ಅಮೆರಿಕದಲ್ಲಿ ಇದನ್ನು ಮಿಯಾಟಾ ಎನ್ನುತ್ತಾರೆ. ಇನ್ನು ಮುಂಬೈಯಲ್ಲೋ ಪುಣೆಯಲ್ಲೋ ತಿಂಗಳಿಗೆರಡು ಸಲ ಮಾತ್ರ ಪಾರ್ಕಿಂಗ್ ಬಿಟ್ಟು ಹೊರಬರುವ ನಿಮ್ಮ ಸಾದಾ ಕಾರಿಗೂ ಈ ಮಾತಿನ ಅರ್ಧಪಾಲು ಸಲ್ಲುತ್ತದೆ.

ಎಂಎಕ್ಸ್-5 ಜಗತ್ತಿಗೆ ಮುಖ ತೋರಿಸಿದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೋ ಮೋಟಾರು ಪ್ರದರ್ಶನದಲ್ಲಿ. 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು. ಮೊದಲ ತಲೆಮಾರಿನ ಕಾರಿನ ತೂಕ ಸುಮಾರು ಒಂದು ಸಾವಿರ ಕಿಲೋ, ಕೆಲವು ಮಾದರಿಗಳದ್ದು ಅದಕ್ಕೂ ಕಡಿಮೆ. ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ಜಾರಿದರೆ ತಾನಾಗಿ ಸರಿಪಡಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅದರಲ್ಲಿಲ್ಲ. ರಸ್ತೆಗೂ ಕಾರಿಗೂ ನಡುವೆ ಇರುವುದು ನಾಲ್ಕು ಅಂಗೈಯಷ್ಟು ರಬ್ಬರು ಮಾತ್ರ. ಆದ್ದರಿಂದಲೇ ಇಂಥ ಕಾರಿನಲ್ಲಿ ಟೈರಿನ ಆಯ್ಕೆ ಬರಿಯ ಖರ್ಚಿನ ಲೆಕ್ಕವಲ್ಲ.

ಟೈರ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಎಷ್ಟು ಸಾವಿರ ಕಿಲೋಮೀಟರ್ ಬಾಳುತ್ತೆ?" ಹಳೆಯ ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಇದೇ ತಪ್ಪು ಪ್ರಶ್ನೆ. ಭಾನುವಾರದ ಸವಾರಿಗೆಂದು ಇಟ್ಟುಕೊಂಡ ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಅರವತ್ತು ಸಾವಿರ ಬಾಳುವ ಟೈರನ್ನು ಅದಕ್ಕೆ ಹಾಕಿದರೆ, ಸವೆದು ಮುಗಿಯಲು ಇಪ್ಪತ್ತು ವರ್ಷ ಬೇಕು. ಅಷ್ಟು ವರ್ಷ ರಬ್ಬರು ಕಾಯುವುದಿಲ್ಲ. ಗಾಳಿಯ ಆಮ್ಲಜನಕ, ಬಿಸಿಲು, ಸೆಕೆ ಸೇರಿ ಅದನ್ನು ಒಳಗೊಳಗೇ ಗಟ್ಟಿ ಮಾಡುತ್ತವೆ. ನೋಡಲು ಗೀರುಗಳೆಲ್ಲ ಹೊಸದರಂತೆ ಆಳವಾಗಿಯೇ ಇರುತ್ತವೆ, ಹಿಡಿತ ಮಾತ್ರ ಹೋಗಿರುತ್ತದೆ. ಇಂಥ ಕಾರಿನ ಟೈರು ಸವೆದು ಸಾಯುವುದಿಲ್ಲ, ಮುದಿಯಾಗಿ ಸಾಯುತ್ತದೆ.

ವಯಸ್ಸು ತಿಳಿಯುವುದು ಕಷ್ಟವೇನಲ್ಲ. ಟೈರಿನ ಪಕ್ಕದಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮರುಮಾತಿಲ್ಲದೆ ತೆಗೆಸಿ. ಕೆಲವೊಮ್ಮೆ ಈ ಅಂಕಿ ಒಳಮಗ್ಗುಲಲ್ಲಿ ಮಾತ್ರ ಇರುತ್ತದೆ, ಆಗ ಬಗ್ಗಿ ಟಾರ್ಚ್ ಹಾಕಿ ನೋಡಬೇಕು. ಐದಾರು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷಕ್ಕೆ ಬದಲಿಸಲೇಬೇಕು. ಪಕ್ಕದಲ್ಲಿ ಬೇಸಿಗೆಯ ಹಿಮ್ಮಡಿಯಂತೆ ಸಣ್ಣ ಬಿರುಕು ಕಂಡರೆ ಅಷ್ಟು ದಿನವೂ ಕಾಯಬೇಡಿ.

ಇದು ಬರಿಯ ಬೆದರಿಕೆಯಲ್ಲ. ಹಾಲಿವುಡ್ ನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಸ್ನೇಹಿತರೊಬ್ಬರು ಓಡಿಸುತ್ತಿದ್ದ ಪೋರ್ಷೆ ಕರೇರಾ ಜಿಟಿ ಕಾರಿನಲ್ಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಓಡಿಸುತ್ತಿದ್ದವರೂ ಉಳಿಯಲಿಲ್ಲ. ಗಂಟೆಗೆ ಸುಮಾರು 130ರಿಂದ 150 ಕಿಲೋಮೀಟರ್ ವೇಗವೇ ಕಾರಣ ಎಂದು ತನಿಖೆ ಹೇಳಿತು. ಜೊತೆಗೆ, ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತೆಂಬುದನ್ನೂ ದಾಖಲಿಸಿತು.

ಈಗ ಅಳತೆಯ ವಿಚಾರ. ಮೊದಲ ಎಂಎಕ್ಸ್-5ರ ಟೈರು 185/60 ಆರ್ 14. ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ನೂರಕ್ಕೆ ಅರವತ್ತು ಪಾಲು, ಒಳಗಿನ ಚಕ್ರ 14 ಇಂಚು. ಈ ಅಳತೆಯಲ್ಲಿ ಒಳ್ಳೆಯ ಹಿಡಿತದ ಟೈರು ಸಿಗುವುದು ಕಡಿಮೆಯಾಗಿದೆ. ಅದಕ್ಕೇ ಅನೇಕರು 15 ಇಂಚಿನ ಚಕ್ರ ಹಾಕಿಸಿ 195/50 ಆರ್ 15 ಕೊಳ್ಳುತ್ತಾರೆ. ಇದರಲ್ಲಿ ದೋಷವಿಲ್ಲ. ಲೆಕ್ಕ ಹಾಕಿ ನೋಡಿ, ಮೊದಲನೆಯದರ ಹೊರವ್ಯಾಸ ಸುಮಾರು 578 ಮಿಲಿಮೀಟರ್, ಎರಡನೆಯದು 576. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ.

ಅಂದಕ್ಕೆಂದು 16, 17 ಇಂಚಿಗೆ ಹೋಗುವುದು ಮಾತ್ರ ಬೇಡ. ಚಕ್ರದ ತೂಕ ಹೆಚ್ಚಿದರೆ ಸಸ್ಪೆನ್ಷನ್ ಅದನ್ನು ಹಿಡಿದಿಡಲು ಒದ್ದಾಡುತ್ತದೆ. ಅಗಲ ಟೈರಿನ ಮೇಲೆ ಹಗುರ ಕಾರಿನ ಭಾರ ಹರಡಿಹೋಗುವುದರಿಂದ, ಮಳೆನೀರನ್ನು ಒತ್ತಿ ಹೊರಹಾಕುವ ಬದಲು ಕಾರು ನೀರಿನ ಮೇಲೇ ತೇಲುವುದು ಬೇಗ.

ಭಾರ ಹೊರುವ ಅಂಕಿಯೂ ಹಾಗೆಯೇ. 82 ಎಂದಿದ್ದರೆ ಆ ಒಂದು ಟೈರು 475 ಕಿಲೋ ಹೊರಬಲ್ಲದು. ನಮ್ಮ ಪುಟ್ಟ ಕಾರು ಒಂದೊಂದು ಚಕ್ರದ ಮೇಲೆ ಹೇರುವುದು 250 ಕಿಲೋ ಆಸುಪಾಸು. ಹೆಚ್ಚು ಭಾರಕ್ಕೆಂದು ಬಲಪಡಿಸಿದ ಗಟ್ಟಿ ಟೈರು ಇಲ್ಲಿ ಉಪಕಾರಕ್ಕಿಂತ ಉಪದ್ರವ. ಅದು ಬಗ್ಗುವುದಿಲ್ಲ, ಹಳ್ಳದಿಣ್ಣೆಗಳಲ್ಲಿ ಕಾರನ್ನು ಪುಟಿಸುತ್ತದೆ.

ಗಾಳಿಯ ಕತೆ ಇನ್ನೂ ಸ್ವಾರಸ್ಯದ್ದು. ಈ ಕಾರಿಗೆ ಕಂಪನಿ ಹೇಳಿದ್ದು 26 ಪಿಎಸ್‌ಐ ಮಾತ್ರ. ಪೆಟ್ರೋಲ್ ಬಂಕಿನ ಹುಡುಗ ಅಭ್ಯಾಸಬಲದಿಂದ 33, 35 ತುಂಬಿಬಿಟ್ಟರೆ ಟೈರಿನ ನಡುಭಾಗ ಉಬ್ಬಿ, ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಅದು ತಾಳುವ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದದ್ದನ್ನು ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ನೋಡಿ. ಎಲ್ಲ ಕಾರಿಗೂ ಇದೇ ನಿಯಮ.

ಹಾಗಾದರೆ ಯಾವ ಬಗೆಯ ಟೈರು? ಅಮೆರಿಕದ ಟೈರುಗಳ ಮೇಲೆ ಸವೆತದ ಅಂಕಿ ಅಚ್ಚಾಗಿರುತ್ತದೆ. 500ರ ಆಸುಪಾಸಿನದು ಹೆಚ್ಚು ಬಾಳುತ್ತದೆ, ಹಿಡಿತ ಸಾಧಾರಣ. 200ರದು ರಸ್ತೆಗೆ ಅಂಟಿಕೊಳ್ಳುತ್ತದೆ, ಬೇಗ ಕರಗುತ್ತದೆ, ರೇಸ್ ಟ್ರ್ಯಾಕಿನ ಶೋಕಿ ಇದ್ದವರಿಗೆ ಸರಿ. ರಸ್ತೆಯಲ್ಲೇ ಓಡಿಸುವವರಿಗೆ ಇವೆರಡರ ನಡುವಿನ, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ನಿಲ್ಲುವ ಬೇಸಿಗೆ ಟೈರು ಸಾಕು. ಆದರೆ ಚಳಿ 7 ಡಿಗ್ರಿಗಿಂತ ಕೆಳಗಿಳಿಯುವ ಊರಿನಲ್ಲಿ ಬೇಸಿಗೆ ಟೈರು ಬಿರುಸಾಗುತ್ತದೆ. ಚಳಿಗಾಲದಲ್ಲೂ ಓಡಿಸುವುದಾದರೆ ಆಲ್ ಸೀಸನ್ ಟೈರು ಅಥವಾ ಚಳಿಗಾಲದ್ದೇ ಬೇರೆ ಟೈರು ಬೇಕು.

ಕೊನೆಯದಾಗಿ, ನಾಲ್ಕನ್ನೂ ಒಟ್ಟಿಗೆ, ಒಂದೇ ಬಗೆಯದನ್ನು ಹಾಕಿಸಿ. ಎರಡಕ್ಕೇ ಹಣವಿದ್ದರೆ ಹೊಸವು ಹಿಂದಿನ ಚಕ್ರಕ್ಕೆ. ಮುಂದಿನದು ಜಾರಿದರೆ ವೇಗ ತಗ್ಗಿಸಿ ಸುಧಾರಿಸಿಕೊಳ್ಳಬಹುದು, ಹಿಂದಿನದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ. ಗಾಳಿ ತುಂಬುವ ರಬ್ಬರ್ ವಾಲ್ವ್‌ಗಳನ್ನೂ ಜೊತೆಗೇ ಬದಲಿಸಿ, ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ.

ಮುಂದಿನ ಸಲ ಮಗನೋ ಮಗಳೋ ಫೋನ್ ಮಾಡಿ "ಅಪ್ಪಾ, ಒಂದು ಹಳೇ ಮಿಯಾಟಾ ತಗೊಂಡೆ" ಎಂದರೆ, ಬೆಲೆ ಕೇಳುವ ಮೊದಲು ಟೈರಿನ ಆ ನಾಲ್ಕು ಅಂಕಿ ಓದಿ ಹೇಳಲು ಹೇಳಿ. ಫೋನ್ ಇಟ್ಟ ಮೇಲೆ ಕೆಳಗಿಳಿದು ನಿಮ್ಮ ಕಾರಿನದನ್ನೂ ಒಮ್ಮೆ ಓದಿ. ಮಳೆಗಾಲ ಶುರುವಾಗುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು.